ಚಿತ್ರಾಕ್ಷರಮಾಲೆ: ಒಂದು ವಿಮರ್ಶೆ

ಅಕ್ಷರಾಭ್ಯಾಸಕ್ಕೆ ತೊಡಗಿದ ಮಗುವಿಗೆ ಮೊದಲು ದೊರೆಯುವ ಸಚಿತ್ರ ಗ್ರಂಥವೆಂದರೆ ಶಾಲೆಯ ಗೋಡೆಯ ಮೇಲಿನ ವರ್ಣಮಾಲೆಯ ಪಟ. ಕಾವ್ಯದ ಒಂದು ಪಾಠಾಂತರಕ್ಕಾಗಿ ಪುಟಗಟ್ಟಲೆ ಚರ್ಚಿಸುವ ನಾವು ಈ ಪಟವನ್ನು ವಿಮರ್ಶೆಗೆ ಅರ್ಹವೆಂದು ಬಗೆಯುವುದು ಅಪೂರ್ವ. ಬಣ್ಣ ಚೆನ್ನಾಗಿದೆಯೆ, ಅಚ್ಚು ಶುದ್ಧವಾಗಿದೆಯೆ ಎಂದಿಷ್ಟನ್ನೇ ನೋಡಿ ತೃಪ್ತರಾಗುತ್ತೇವೆ. ಆದರೆ ಅಲ್ಲಿನ ಚಿತ್ರಕ್ಕಿರುವ ಮುಖ್ಯ ಕೆಲಸ ಮಗುವಿನ ಬಾಯಿಂದ ಒಂದು ಗೊತ್ತಾದ ಮಾತನ್ನು ಹೊರಡಿಸುವುದು. ಆ ಮಾತು ಹೊರಡದಿದ್ದರೆ ಚಿತ್ರವು ಎಷ್ಟು ಸುಂದರವಾಗಿದ್ದರೂ ವ್ಯರ್ಥ. ಬೇರೊಂದು ಮಾತು ಹೊರಟರೆ ಹಾನಿಕರ. ಈ ಅಳತೆಗೋಲನ್ನು ಹಿಡಿದು, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಚಿತ್ರಾಕ್ಷರಮಾಲೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಅಗಸ, ಆನೆ, ಇಲಿ, ಈಶ ಎಂಬ ಸಾಲು ನಮಗೆಲ್ಲ ಪರಿಚಿತವಾದುದು. ಅಗಸನ ಚಿತ್ರದಲ್ಲಿ ಮನುಷ್ಯ, ಕತ್ತೆ, ಬಟ್ಟೆಯ ಗಂಟು ಮೂರೂ ಇದ್ದರೆ, ಮಗು ‘ಕತ್ತೆ’ ಎಂದುದು ಮಗುವಿನ ತಪ್ಪಲ್ಲ. ಈಶನನ್ನು ಅದು ‘ಶಿವ’ ಎನ್ನುವುದು ಸಹಜ. ಔಷಧವನ್ನು ‘ಸೀಸೆ’ ಎನ್ನುವುದು ಇನ್ನೂ ಸಹಜ. ಚಿತ್ರಕಾರನು ವಸ್ತುವನ್ನು ಬರೆದನೇ ಹೊರತು ಶಬ್ದವನ್ನು ಬರೆಯಲಿಲ್ಲ. ಒಂದು ವಸ್ತುವಿಗೆ ಹಲವು ಹೆಸರುಗಳಿರುವುದು ಭಾಷೆಯ ಸಂಪತ್ತು. ಅಕ್ಷರ ಕಲಿಸುವ ಪಟದಲ್ಲಿ ಅದೇ ತೊಡಕು.

ಮನೆಯ ಮಾತು ಬೇರೆಯಾದಲ್ಲಿ ಈ ತೊಡಕು ಇಮ್ಮಡಿಯಾಗುವುದು. ಹೊಸಕೋಟೆ, ದೇವನಹಳ್ಳಿಗಳ ಸೀಮೆಯಲ್ಲಿ ತೆಲುಗನ್ನಾಡುವ ಮನೆಗಳು ಬಹಳ. ಅಂಥ ಮನೆಯ ಮಗುವಿಗೆ ಆನೆಯು ‘ಏನುಗು’, ಇಲಿಯು ‘ಎಲುಕ’, ಎಲೆಯು ‘ಆಕು’. ಎಂದರೆ ಆಕಾರದ ಚಿತ್ರವು ಏಕಾರವನ್ನೂ, ಇಕಾರದ ಚಿತ್ರವು ಎಕಾರವನ್ನೂ, ಎಕಾರದ ಚಿತ್ರವು ಆಕಾರವನ್ನೂ ನುಡಿಸುವುವು. ನೆರವಿಗೆಂದು ಇಟ್ಟ ಚಿತ್ರವೇ ಅಕ್ಷರಗಳನ್ನು ಅದಲುಬದಲು ಮಾಡಿದಂತಾಯಿತು. ಇದಕ್ಕೆ ಪ್ರತಿಯಾಗಿ ಒಂಟೆಯು ಎರಡು ಭಾಷೆಗಳಲ್ಲಿಯೂ ಒಂಟೆಯೇ. ಈಚಲಿಗೆ ತೆಲುಗಿನಲ್ಲಿ ‘ಈತ’, ಉಡಕ್ಕೆ ‘ಉಡುಮು’ ಎಂಬ ಹೆಸರಿರುವುದರಿಂದ ಮೊದಲಕ್ಷರ ಕೆಡುವುದಿಲ್ಲ. ಈಶನ ಬದಲು ಈಚಲು ಮರವನ್ನು ಬರೆದರೆ ಎರಡು ಮನೆಗಳ ಮಕ್ಕಳಿಗೂ ಉಪಕಾರವಾದೀತು. ಅದು ತೆಂಗಿನಂತೆ ತೋರದ ಹಾಗೆ ಬರೆಯುವ ಹೊಣೆ ಮಾತ್ರ ಚಿತ್ರಕಾರನದು.

ಕೊಮೇನಿಯಸ್ ಎಂಬ ಮೊರಾವಿಯದ ವಿದ್ವಾಂಸನು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ಸಚಿತ್ರ ಬಾಲಗ್ರಂಥದಲ್ಲಿ ಈ ತೊಡಕಿಗೆ ಒಂದು ಜಾಣ ಪರಿಹಾರವನ್ನು ಕಾಣಬಹುದು. ಆತನು ಅಕ್ಷರಗಳಿಗೆ ಪ್ರಾಣಿಗಳ ಹೆಸರುಗಳನ್ನಲ್ಲ, ಕೂಗುಗಳನ್ನು ಜೋಡಿಸಿದನು. ಕುರಿಮರಿಯ ಹೆಸರು ಭಾಷೆಗೊಂದಾಗಿದ್ದರೂ ಅದರ ‘ಬೇ’ ಎಂಬ ಕೂಗು ಎಲ್ಲ ಹಟ್ಟಿಗಳಲ್ಲಿಯೂ ಒಂದೇ ಅಲ್ಲವೆ?

ಶಬ್ದ ಸರಿಯಾಗಿದ್ದರೂ ಬರೆಯುವ ರೀತಿಯಿಂದ ಚಿತ್ರವು ಕೆಡಬಹುದು. ದೇವನಹಳ್ಳಿಯ ಚಕ್ಕೋತ ಪ್ರಸಿದ್ಧವಾದುದು. ಚಕಾರಕ್ಕೆ ಅದನ್ನು ಆರಿಸುವುದು ಯುಕ್ತವೇ. ಆದರೆ ಬರಿಯ ಒಂದು ಗುಂಡನ್ನು ಬರೆದರೆ ಅದು ಮೋಸಂಬಿಯೂ ಆಗಬಹುದು; ಎರಡು ಕೈಗಳಲ್ಲಿ ಹಿಡಿದಂತೆ ಬರೆದಾಗಲೇ ಗಾತ್ರ ತಿಳಿಯುವುದು. ದೊಡ್ಡಬಳ್ಳಾಪುರದ ನೇಕಾರರ ಮಗುವಿಗೆ ಮಗ್ಗವೆಂದರೆ ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರ. ಗುಂಡಿಮಗ್ಗದ ಚಿತ್ರವನ್ನು ಅದು ಗುರುತಿಸದೆ ಹೋದರೆ ಆಶ್ಚರ್ಯವಿಲ್ಲ. ಅಲಂಕಾರಕ್ಕೆಂದು ಸೇರಿಸಿದ ವಿವರವೂ ನಿರಪಾಯವಲ್ಲ. ಸಿಡಿಲಿನ ಪಾಠಕ್ಕೆ ಮನರಂಜಕವಾದರೂ ಅಪ್ರಕೃತವಾದ ಸಂಗತಿಗಳನ್ನು ಸೇರಿಸಿದಾಗ ಓದುಗರು ಮುಖ್ಯಾಂಶವನ್ನೇ ಕಡಮೆಯಾಗಿ ಗ್ರಹಿಸಿದರೆಂದು ಹಾರ್ಪ್ ಮತ್ತು ಮೇಯರ್ ಎಂಬವರು 1998ರಲ್ಲಿ ತೋರಿಸಿದರು. ಚಿತ್ರವೂ ಅದರ ವಿವರಣೆಯೂ ದೂರದೂರವಿದ್ದರೆ ಗಮನ ಒಡೆದು ಕಲಿಕೆ ಕುಗ್ಗುವುದೆಂಬುದು 1992ರಲ್ಲಿ ಚಾಂಡ್ಲರ್ ಮತ್ತು ಸ್ವೆಲರ್ ಎಂಬವರ ಪ್ರಯೋಗಗಳಿಂದ ಸಿದ್ಧಪಟ್ಟ ವಿಷಯ.

ಇಷ್ಟೆಲ್ಲ ಸರಿಪಡಿಸಿದರೂ ಒಂದು ಮೂಲ ಪ್ರಶ್ನೆ ಉಳಿಯುವುದು: ಮಗು ಓದುತ್ತಿರುವುದು ಅಕ್ಷರವನ್ನೋ ಚಿತ್ರವನ್ನೋ? ಚಿತ್ರಗಳೊಡನೆ ಪದಗಳನ್ನು ಕಲಿತ ಮಕ್ಕಳು, ಚಿತ್ರವನ್ನು ತೆಗೆದ ಬಳಿಕ, ಚಿತ್ರವಿಲ್ಲದೆ ಕಲಿತವರಷ್ಟು ಪದಗಳನ್ನು ಗುರುತಿಸಲಾರದೆ ಹೋದುದನ್ನು ಸ್ಯಾಮ್ಯುಯೆಲ್ಸ್ ಎಂಬವರು 1967ರಲ್ಲಿಯೇ ವರದಿ ಮಾಡಿದ್ದರು. ಇಲ್ಲಿ ನಮ್ಮ ನಾಡಿನ ನಲಿಕಲಿ ಪದ್ಧತಿಯನ್ನು ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009ರ ಬಳಿಕ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿದ ಈ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ಇಷ್ಟು ಅಕ್ಷರಗಳು ಬಂದೊಡನೆ ಸರ, ಅರಸ, ಗರಗಸ, ಅಗಸ ಎಂಬ ಪದಗಳನ್ನು ಮಗು ಪೂರ್ತಿಯಾಗಿ ಓದಬಲ್ಲದು. ಆಗ ಚಿತ್ರದ ಕೆಲಸವೇ ಬದಲಾಗುವುದು. ಅದು ಮಾತನ್ನು ಹೇಳಿಕೊಡುವುದಿಲ್ಲ, ಓದಿದ ಮಾತಿಗೆ ಸಾಕ್ಷಿ ನುಡಿಯುತ್ತದೆ. ‘ಅಗಸ’ ಎಂದು ಮೊದಲು ಓದಿ ಆಮೇಲೆ ಚಿತ್ರವನ್ನು ನೋಡಿದ ಮಗು ಕತ್ತೆಯನ್ನು ಬಿಟ್ಟು ಮನುಷ್ಯನನ್ನೇ ಆರಿಸಿಕೊಳ್ಳುವುದು. ಆದಕಾರಣ ಪದವನ್ನು ಮುಂಬದಿಯಲ್ಲಿಯೂ ಚಿತ್ರವನ್ನು ಹಿಂಬದಿಯಲ್ಲಿಯೂ ಅಚ್ಚಿಸಿದ ಬಿಡಿ ಹಾಳೆಗಳು ಗೋಡೆಯ ಪಟಕ್ಕಿಂತ ಮೇಲೆಂದು ನಮ್ಮ ಅಭಿಪ್ರಾಯ.

ಪಟವನ್ನೇ ಅಚ್ಚಿಸುವವರು ಒಂದು ಪರೀಕ್ಷೆಯನ್ನಾದರೂ ನಡೆಸಬೇಕು. ಅಕ್ಷರವನ್ನು ಮರೆಮಾಡಿ, ಚಿತ್ರವನ್ನಷ್ಟೇ ಹಳ್ಳಿಯ ಮಕ್ಕಳ ಮುಂದೆ ಹಿಡಿದು, ಅವರು ಮೊದಲು ಆಡಿದ ಮಾತನ್ನು ಬರೆದುಕೊಳ್ಳಲಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ, ಯಂತ್ರವೂ ಬೇಕಿಲ್ಲ. ನೆಲಮಂಗಲದ ಒಂದು ಶಾಲೆಯಲ್ಲಿಯೂ ಹೊಸಕೋಟೆಯ ಒಂದು ಶಾಲೆಯಲ್ಲಿಯೂ ಒಂದೊಂದು ಬೆಳಗನ್ನು ಕಳೆದರೆ ಸಾಕು. ಪಾಠಪರಿಷ್ಕರಣದಲ್ಲಿ ಪಳಗಿದ ವಿದ್ವಾಂಸರು ಈ ಕೆಲಸವನ್ನು ತಮಗೆ ಕಿರಿದೆಂದು ಭಾವಿಸಬಾರದು. ಕನ್ನಡ ಸಾಹಿತ್ಯಕ್ಕೆ ಓದುಗರು ಹುಟ್ಟುವುದು ಆ ಗೋಡೆಯ ಮುಂದೆಯೇ.