ಪೈಲ್ವಾನನ ಕೈಗೆ ಗ್ಲೌಸ್ ಯಾಕೆ?

2019ರಲ್ಲಿ ಬಂದ ‘ಪೈಲ್ವಾನ್’ ಸಿನಿಮಾವನ್ನು ಮೊನ್ನೆ ಇನ್ನೊಂದು ಸಲ ನೋಡಿದೆ. ಎಸ್. ಕೃಷ್ಣ ನಿರ್ದೇಶನ. ಸುದೀಪ್ ಪೈಲ್ವಾನ, ಸುನೀಲ್ ಶೆಟ್ಟಿ ಅವನನ್ನು ಸಾಕಿದ ಗುರು. ಸುದೀಪ್ ಮೈ ಹುರಿಗೊಳಿಸಿದ್ದು ತೆರೆಯ ಮೇಲೆ ಕಾಣುತ್ತೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಕಥೆಯದ್ದು. ಅನಾಥ ಹುಡುಗ ಗುರುವಿನ ಕೈಯಲ್ಲಿ ಬೆಳೆದು ಕುಸ್ತಿಯಲ್ಲಿ ಹೆಸರು ಮಾಡುತ್ತಾನೆ, ಪ್ರೀತಿಸಿ ಮದುವೆಯಾಗಿ ಗುರುವಿನ ಸಿಟ್ಟಿಗೆ ಸಿಗುತ್ತಾನೆ, ಕುಸ್ತಿ ಬಿಡುತ್ತಾನೆ. ಇಲ್ಲಿವರೆಗೆ ಸರಿ. ಆಮೇಲೆ ಅವನು ಗೆಲ್ಲೋದು ಬಾಕ್ಸಿಂಗ್ ರಿಂಗಿನಲ್ಲಿ! ಎಂತ ಮಾರಾಯ್ರೆ ಇದು?

ಹೀರೋ ಅಂದ್ಮೇಲೆ ಎಲ್ಲ ಬರುತ್ತೆ ಬಿಡಿ ಅನ್ನಬಹುದು. ಆದರೆ ಕುಸ್ತಿಯವನ ವಿದ್ಯೆ ಇರುವುದೇ ಹಿಡಿತದಲ್ಲಿ. ಎದುರಾಳಿಯ ಮೈಗೆ ಮೈ ತಾಗಿಸಿ, ಅವನ ಭಾರ ಯಾವ ಕಾಲಿನ ಮೇಲಿದೆ ಅಂತ ಕಣ್ಣಿಗಿಂತ ಮೊದಲು ಅಂಗೈಯಲ್ಲಿ ತಿಳಿಯಬೇಕು. ಬಾಕ್ಸಿಂಗಿನಲ್ಲಿ ಹಿಡಿದರೆ ತಪ್ಪು. ಗ್ಲೌಸ್ ಹಾಕಿದ ತಕ್ಷಣ ಅವನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಒಳಗೇ ಮುಚ್ಚಿಹೋಗುತ್ತೆ. ಟೆಸ್ಟಿಂಗ್‌ನವನನ್ನು ರಾತ್ರೋರಾತ್ರಿ ಡೇಟಾ ಸೈಂಟಿಸ್ಟ್ ಮಾಡುವ ನಮ್ಮ ಕ್ಷೇತ್ರದಲ್ಲೂ ಇಷ್ಟು ಬೇಗ ಆಗಲ್ಲ.

ಬೇಜಾರೇನೆಂದರೆ, ಇಂಥದ್ದೇ ಒಂದು ದಾಟುವಿಕೆ ನಿಜವಾದ ಪೈಲ್ವಾನನ ಬದುಕಿನಲ್ಲಿ ಇದೆ. ಮಣ್ಣಿನಿಂದ ಮ್ಯಾಟಿಗೆ. ಜಂಗಿ ಕುಸ್ತಿಯಲ್ಲಿ ಪಾಯಿಂಟ್ ಲೆಕ್ಕವಿಲ್ಲ, ಬೆನ್ನು ಮಣ್ಣಿಗೆ ತಾಗಿ ಚಿತ್ ಆಗಬೇಕು. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಟ್ಟಿಗೆ ತಕ್ಕ ಪಾಯಿಂಟ್. ಒಲಿಂಪಿಕ್ಸ್, ಕ್ರೀಡಾ ಕೋಟಾದ ನೌಕರಿ ಎಲ್ಲ ಆ ಕಡೆ. ಈ ಕಡೆ ಬೆಳ್ಳಿ ಕಡಗ, ಗದೆ, ಒಂದಿಷ್ಟು ಇನಾಮು. ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪರಿಚಯವಿಲ್ಲದ ಮ್ಯಾಟಿನ ಮೇಲೆ ಇಳಿದು ಆರನೆಯವರಾದರು. ನಾಲ್ಕು ವರ್ಷ ಬಿಟ್ಟು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಆಮೇಲೆ ಪೊಲೀಸ್ ನೌಕರಿ. 1984ರಲ್ಲಿ ತೀರಿಕೊಂಡರು, ಅರ್ಜುನ ಪ್ರಶಸ್ತಿ ಬಂದದ್ದು ಮರಣೋತ್ತರವಾಗಿ. ಆ ನಾಲ್ಕು ವರ್ಷವೇ ಒಂದು ಸಿನಿಮಾ ಅಲ್ವಾ?

ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಗರಡಿಮನೆಗಿಂತ ಯಕ್ಷಗಾನ ಮೇಳದ ಮಾತೇ ಜಾಸ್ತಿ. ನಮಗೆ ಕುಸ್ತಿ ಅಂದರೆ ಸಾಗರದ ಮಾರಿಕಾಂಬಾ ಜಾತ್ರೆ, ಅದೂ ಮೂರು ವರ್ಷಕ್ಕೊಮ್ಮೆ. ಬಯಲುಸೀಮೆಯ ಹುಡುಗರು ಬಸ್ಸಿಳಿದು ಬರುತ್ತಾರೆ. ತೂಕ, ವಯಸ್ಸು, ಹಿಂದಿನ ಕುಸ್ತಿ ನೋಡಿ ಹಿರಿಯರು ಜೋಡಿ ಕಟ್ಟುತ್ತಾರೆ. ಮೈಸೂರು ದಸರಾದಲ್ಲಂತೂ ಜೋಡಿ ಕಟ್ಟುವುದೇ ಒಂದು ದೊಡ್ಡ ಕಾರ್ಯಕ್ರಮ. ಯಾರ ಎದುರು ಯಾರು ಅನ್ನುವುದರಲ್ಲೇ ಅರ್ಧ ಕುಸ್ತಿ ಮುಗಿದಿರುತ್ತೆ. ಸಿನಿಮಾಕ್ಕೆ ಇದೆಲ್ಲ ಬೇಡ, ಎದುರು ನಿಂತವನು ವಿಲನ್ ಆದರೆ ಸಾಕು.

ಮದುವೆಯೇ ಪೈಲ್ವಾನನ ಕಥೆ ಮುರಿಯುತ್ತೆ ಅನ್ನೋದನ್ನೂ ನಾನು ಪೂರ್ತಿ ಒಪ್ಪಲ್ಲ. ಬ್ರಹ್ಮಚರ್ಯದ ಕಟ್ಟುಪಾಡು ಗರಡಿಗಳಲ್ಲಿ ಇದ್ದದ್ದು ಹೌದು. ಆದರೆ ಅವನನ್ನು ಮನೆಗೆ ಕಳಿಸೋದು ಹೆಚ್ಚಾಗಿ ಮಂಡಿ ನೋವು, ಇಲ್ಲಾ ಹಾಲು, ತುಪ್ಪ, ಬಾದಾಮಿಯ ಖರ್ಚು. ಹಿಂದೆ ಮೈಸೂರಿನ ಅರಸರು ಕೊಡುತ್ತಿದ್ದರು. ಕೊಲ್ಹಾಪುರದ ಶಾಹೂ ಮಹಾರಾಜರು 1912ರ ಹೊತ್ತಿಗೆ ಖಾಸಬಾಗ್ ಮೈದಾನವನ್ನೇ ಕಟ್ಟಿಸಿಕೊಟ್ಟರು. ಈಗ ಅಪ್ಪ ಎಮ್ಮೆ ಕಟ್ಟಬೇಕು. ಎರಡನೇ ಸಲ ನೋಡುವಾಗ ನಾನು ಇದೊಂದನ್ನೇ ಹುಡುಕುತ್ತಾ ಕೂತಿದ್ದೆ: ಇಷ್ಟು ದೊಡ್ಡ ಮೈಗೆ ದಿನಾ ಹಾಲು ಎಲ್ಲಿಂದ ಬರ್ತಿದೆ?