ರೋಮನಿವಾರಣೆಯ ವಿದ್ಯುಚ್ಚಿಕಿತ್ಸೆ: ಅದರ ಇತಿಹಾಸಲೇಖನದ ಒಂದು ವಿಮರ್ಶೆ

ವಿದ್ಯುತ್ಪ್ರವಾಹದಿಂದ ಕೂದಲನ್ನು ಅದರ ಮೂಲದಲ್ಲಿಯೇ ನಾಶಗೊಳಿಸುವ ಚಿಕಿತ್ಸೆಗೆ ಈಗ ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯನ್ನು ಹೇಳುವ ರೂಢಿಯ ವೃತ್ತಾಂತಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕಾಣಬರುತ್ತವೆ: ಇದು ಸೌಂದರ್ಯಸಾಧನೆಗಾಗಿ ಹುಟ್ಟಿದ ವಿದ್ಯೆ, ನಮ್ಮ ಪ್ರಾಚೀನರು ಇದನ್ನು ಮೊದಲೇ ಬಲ್ಲವರು, ಇದರ ಫಲ ಶಾಶ್ವತ. ಈ ಮೂರನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಮಾತು ನಿಲ್ಲುವುದಿಲ್ಲ. 1875ರಲ್ಲಿ ಈ ಕ್ರಮವನ್ನು ಪ್ರಕಟಿಸಿದ ಚಾರ್ಲ್ಸ್ ಮೈಕೆಲ್ ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ. ರೆಪ್ಪೆಗೂದಲು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುವ ರೋಗಕ್ಕೆ ಅವನು ಪರಿಹಾರವನ್ನು ಹುಡುಕುತ್ತಿದ್ದನು. ಕಿತ್ತ ಕೂದಲು ಪುನಃ ಬೆಳೆಯುತ್ತಿತ್ತು. ಉಪೇಕ್ಷಿಸಿದರೆ ದೃಷ್ಟಿಗೇ ಅಪಾಯ. ಬ್ಯಾಟರಿಯ ಋಣಧ್ರುವಕ್ಕೆ ಜೋಡಿಸಿದ ಸೂಜಿಯನ್ನು ರೋಮಕೂಪದೊಳಗೆ ಇಳಿಸಿದಾಗ, ಅಲ್ಲಿಯ ಲವಣಜಲವು ವಿಭಜನೆಗೊಂಡು ಸೋಡಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ ಉತ್ಪನ್ನವಾಗುತ್ತದೆ. ಬೇರನ್ನು ನಾಶಮಾಡುವುದು ಈ ಕ್ಷಾರವೇ. ಅದೇ ನಗರದ ಹಾರ್ಡವೇ ಎಂಬ ಚರ್ಮವೈದ್ಯನು ಕೆಲವೇ ವರ್ಷಗಳಲ್ಲಿ ಇದನ್ನು ಮುಖದ ಕೂದಲಿಗೆ ಅನ್ವಯಿಸಿದನು. ಕಣ್ಣನ್ನು ಉಳಿಸಲು ಹುಟ್ಟಿದ ವಿದ್ಯೆ ಹೀಗೆ ಕನ್ನಡಿಯ ಮುಂದೆ ಬಂದಿತು.

ಎರಡನೆಯ ಮಾತಿನಲ್ಲಿ ಸತ್ಯಾಂಶವಿದೆ, ಅತಿಶಯವೂ ಇದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಇದೇ ನೇತ್ರರೋಗವನ್ನು ಪಕ್ಷ್ಮಕೋಪವೆಂದು ಕರೆದು, ಶಸ್ತ್ರಕ್ರಿಯೆಯಿಂದ ಶಮನವಾಗದಿದ್ದರೆ ಅಗ್ನಿಯಿಂದಾಗಲಿ ಕ್ಷಾರದಿಂದಾಗಲಿ ಸುಡಬೇಕೆಂದು ವಿಧಿಸುತ್ತದೆ. ಕೂದಲನ್ನು ಉದುರಿಸಲು ಶಂಖಚೂರ್ಣ, ಹರಿತಾಳಗಳ ಲೇಪವನ್ನೂ ಅದೇ ಗ್ರಂಥ ಹೇಳುತ್ತದೆ. ರೋಗವೂ ಒಂದೇ, ಕ್ಷಾರದ ಉಪಯೋಗವೂ ಸಮಾನ. ಆದರೆ ಪ್ರಾಚೀನ ವೈದ್ಯನು ಕ್ಷಾರವನ್ನು ಹೊರಗಿನಿಂದ ಹಚ್ಚುತ್ತಿದ್ದನು. ಒಂದೊಂದು ರೋಮಕೂಪದ ಒಳಗೇ ಅದನ್ನು ಉಂಟುಮಾಡುವುದು ವಿದ್ಯುತ್ತಿನಿಂದ ಮಾತ್ರ ಸಾಧ್ಯವಾಯಿತು. ಸಾದೃಶ್ಯವನ್ನು ತಾದಾತ್ಮ್ಯವೆಂದು ಭಾವಿಸಿದರೆ ಸುಶ್ರುತನಿಗೂ ನ್ಯಾಯವಾಗದು, ಮೈಕೆಲ್‌ನಿಗೂ ನ್ಯಾಯವಾಗದು.

ಮೂರನೆಯದಾದ 'ಶಾಶ್ವತ' ಎಂಬ ಶಬ್ದವು ಹೆಚ್ಚು ವಿಚಾರಣೀಯವಾದುದು. ನಾಶವಾದ ಬೇರು ಪುನಃ ಚಿಗುರದೆಂಬುದು ನಿಜ. ಆದರೆ ಕೂದಲುಗಳೆಲ್ಲವೂ ಏಕಕಾಲದಲ್ಲಿ ಬೆಳೆಯುವ ಅವಸ್ಥೆಯಲ್ಲಿರುವುದಿಲ್ಲ; ಆದುದರಿಂದ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕಾಗುತ್ತದೆ. ಅಂಡಾಶಯದ ವಿಕಾರದಿಂದ ರಸದೂತಗಳ ಸಮತೋಲ ಕೆಟ್ಟಿದ್ದರೆ, ಮೂಲಕಾರಣವು ಉಳಿದಿರುವಾಗ ಹೊಸ ಕೂದಲು ಹುಟ್ಟುವುದನ್ನು ಸೂಜಿ ತಡೆಯಲಾರದು. 1916ರಲ್ಲಿ ಪಾಲ್ ಕ್ರೀ ತಂದ ಬಹುಸೂಜಿಯ ಯಂತ್ರ, ಅನಂತರದ ಉಚ್ಚಾವರ್ತನ ಪ್ರವಾಹದ ಉಷ್ಣಕ್ರಮ, ಎರಡನ್ನೂ ಬೆರೆಸಿ ಸೇಂಟ್ ಪಿಯೆರ್ ಮತ್ತು ಹಿಂಕಲ್ 1948ರಲ್ಲಿ ಪೇಟೆಂಟು ಪಡೆದ ಮಿಶ್ರಕ್ರಮ, ಇವೆಲ್ಲವೂ ಕಾಲವನ್ನು ಉಳಿಸಿದವೇ ಹೊರತು ಈ ಮಿತಿಯನ್ನು ಮೀರಲಿಲ್ಲ.

ಈ ಶಬ್ದದ ಮೋಹ ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಕ್ಷಕಿರಣದ ಪ್ರಸಂಗವೇ ಸಾಕ್ಷಿ. ಸೂಜಿಯ ನೋವಿಲ್ಲದ ಶಾಶ್ವತ ಪರಿಹಾರವೆಂದು 1920ರ ದಶಕದಲ್ಲಿ ಆಲ್ಬರ್ಟ್ ಗೈಸರ್ ಎಂಬ ವೈದ್ಯನ 'ಟ್ರೈಕೋ' ಯಂತ್ರವು ಅಮೆರಿಕದ ಸೌಂದರ್ಯಾಲಯಗಳಲ್ಲಿ ಹರಡಿತು. ಕೂದಲು ಉದುರಿತು, ಆದರೆ ವರ್ಷಗಳು ಕಳೆದಂತೆ ಅನೇಕ ಸ್ತ್ರೀಯರ ಚರ್ಮ ಸುಕ್ಕುಗಟ್ಟಿತು, ಹುಣ್ಣಾಯಿತು, ಅರ್ಬುದಕ್ಕೂ ತುತ್ತಾಯಿತು. ಅವರಿಗೆ ಶಾಶ್ವತವಾಗಿ ಉಳಿದುದು ಗಾಯವೇ.

ಇಲ್ಲಿ ಇತಿಹಾಸಕಾರನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ವೃತ್ತಾಂತಗಳು ಯಾರ ಸಾಕ್ಷ್ಯವನ್ನು ಆಧರಿಸಿವೆ? ಸುರಪುರದ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆ ಹೊಸದಲ್ಲ. ರಾಣಿ ಈಶ್ವರಮ್ಮನವರ ಚಿತ್ರವು ಹೊರಗಿನ ಓದುಗರಿಗೆ ಬಹುಮಟ್ಟಿಗೆ ಮೆಡೋಸ್ ಟೇಲರನ ಆತ್ಮಕಥೆಯಿಂದ ದೊರೆತುದು. 1877ರಲ್ಲಿ ಪ್ರಕಟವಾದ ಆ ಗ್ರಂಥ ಅಮೂಲ್ಯವೆಂಬುದು ನಿರ್ವಿವಾದ. ಆದರೆ ರಾಣಿಯವರೊಡನೆ ಅಧಿಕಾರಕ್ಕಾಗಿ ಸೆಣಸಿದ ಅಧಿಕಾರಿಯೇ ಅದರ ಕರ್ತೃ. ಅಂತೆಯೇ ಈ ಚಿಕಿತ್ಸೆಯ ಚರಿತ್ರೆಯನ್ನು ಹೆಚ್ಚಾಗಿ ಬರೆದವರು ಸೂಜಿಯನ್ನು ಹಿಡಿದವರು. ಅದರ ಕೆಳಗೆ ಮುಖವೊಡ್ಡಿದವರಲ್ಲ. ಯಂತ್ರಗಳ ಹೆಸರು, ಪೇಟೆಂಟುಗಳ ವರ್ಷ ನಮಗೆ ದೊರೆಯುತ್ತವೆ. ಮದುವೆಯ ಮಾತುಕತೆಯ ಭಯ, ನೆರೆಹೊರೆಯವರ ಕೊಂಕು, ಗುಟ್ಟಾಗಿ ತೆತ್ತ ಹಣ ಇವು ದೊರೆಯುವುದಿಲ್ಲ.

ಇಂದು ಅಮೆರಿಕದ ಔಷಧಾಡಳಿತವು ಲೇಸರ್ ಚಿಕಿತ್ಸೆಯ ವಿಷಯದಲ್ಲಿ 'ಶಾಶ್ವತವಾಗಿ ಕಡಮೆಮಾಡುವುದು' ಎಂದು ಹೇಳಲು ಅನುಮತಿಸುತ್ತದೆಯೇ ವಿನಾ 'ಶಾಶ್ವತವಾಗಿ ನಿವಾರಿಸುವುದು' ಎನ್ನಲು ಬಿಡುವುದಿಲ್ಲ. ಇದನ್ನು ಕೇವಲ ಶಬ್ದಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಹಣವನ್ನೂ ಚರ್ಮವನ್ನೂ ಪಣಕ್ಕಿಡುವವಳಿಗೆ ಆ ಎರಡು ಶಬ್ದಗಳ ಅಂತರವೇ ಸರ್ವಸ್ವ. ವೈದ್ಯಕೀಯದ ಇತಿಹಾಸವನ್ನು ಬರೆಯುವವರು ಆ ಅಂತರವನ್ನು ಕಾಪಾಡಬೇಕು. ಚಿಕಿತ್ಸೆಗೆ ಒಳಗಾದವರ ಪತ್ರ, ದಿನಚರಿ, ಮಾತುಗಳನ್ನು ಅವು ಅಳಿಯುವ ಮುನ್ನ ಸಂಗ್ರಹಿಸಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಉಪಕರಣಗಳ ಚರಿತ್ರೆಯೇ ಹೊರತು ಚಿಕಿತ್ಸೆಯ ಚರಿತ್ರೆಯಲ್ಲ.