ಕಂಬವಿಲ್ಲದ ಕತ್ತಲೆಗೆ ನಂಬರಿಲ್ಲ

ಮುಂಬೈ ಮಹಾನಗರಪಾಲಿಕೆಯ 1888ರ ಕಾಯ್ದೆಯ 61ನೇ ಕಲಮಿನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿಯಿದೆ. ಸಾರ್ವಜನಿಕ ರಸ್ತೆಗಳಿಗೆ ದೀಪ ಒದಗಿಸುವುದು ಅದರಲ್ಲೊಂದು. ಹಣ ಪಾಲಿಕೆಯದು. ಕಂಬ ನೆಟ್ಟು, ದೀಪ ಉರಿಸಿ, ಕೆಟ್ಟಾಗ ಸರಿಪಡಿಸುವುದು ಮಾತ್ರ ಆಯಾ ಭಾಗಕ್ಕೆ ಕರೆಂಟು ಕೊಡುವ ಸಂಸ್ಥೆ. ಕೊಲಾಬಾದಿಂದ ಸಯನ್, ಮಾಹಿಮ್‌ವರೆಗೆ ಬೆಸ್ಟ್. ಚುನಾಭಟ್ಟಿಯಿಂದ ವಿಕ್ರೋಳಿವರೆಗೆ ಅದಾನಿ. ಅಲ್ಲಿಂದಾಚೆ ಭಾಂಡುಪ್, ಮುಲುಂಡ್ ಕಡೆ ಸರ್ಕಾರಿ ಮಹಾವಿತರಣ. ವಿಕ್ರೋಳಿ ಈ ಹಂಚಿಕೆಯ ಅಂಚಿನಲ್ಲಿದೆ. ಹಾಗಾಗಿ ಬೀದಿದೀಪದ ನಿರ್ವಹಣೆ ಎಲ್ಲಿ ಚೆನ್ನಾಗಿದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಇದಕ್ಕಿಂತ ತಕ್ಕ ಜಾಗ ಮುಂಬೈಯಲ್ಲಿ ಕಡಿಮೆ.

ಈ ಏರ್ಪಾಡಿನ ದೊಡ್ಡ ಗುಣವೆಂದರೆ ತಂತಿಯೂ ದೀಪವೂ ಒಂದೇ ಕೈಯಲ್ಲಿರುವುದು. ಬೆಂಗಳೂರಿನಲ್ಲಿ ಕರೆಂಟು ಬೆಸ್ಕಾಂನದು, ದೀಪ ಪಾಲಿಕೆಯದು, ಕೆಲಸ ಗುತ್ತಿಗೆದಾರನದು. ದೀಪ ಆರಿದರೆ ಬೆರಳು ತೋರಿಸಲು ಮೂವರಿಗೂ ಇನ್ನಿಬ್ಬರಿದ್ದಾರೆ. (1905ರ ಆಗಸ್ಟ್‌ನಲ್ಲೇ ಬೀದಿಗೆ ವಿದ್ಯುದ್ದೀಪ ಕಂಡ ಊರು ಎಂಬ ಹೆಮ್ಮೆ ಬೇರೆ.) ವಿಕ್ರೋಳಿಯವರು ಅದಾನಿಯ 19122ಕ್ಕೋ ಪಾಲಿಕೆಯ 1916ಕ್ಕೋ ಫೋನ್ ಮಾಡಿ ಕಂಬದ ಮೇಲೆ ಬರೆದ ನಂಬರ್ ಹೇಳಿದರೆ ದೂರಿಗೆ ಒಂದು ವಿಳಾಸ ಸಿಕ್ಕಂತೆ. ಒಂಟಿ ದೀಪ ಆರಿದ್ದರೆ ಸಾಮಾನ್ಯವಾಗಿ ಎಲ್‌ಇಡಿಯೊಳಗಿನ ಡ್ರೈವರ್ ಎಂಬ ಬಿಡಿಭಾಗ ಸುಟ್ಟಿರುತ್ತದೆ. ಏಣಿಯ ಗಾಡಿ ಬಂದು ಹೋದರೆ ಮುಗಿಯಿತು. ಸಾಲಿಗೆ ಸಾಲೇ ಆರಿದ್ದರೆ ಫೀಡರ್ ಪಿಲ್ಲರಿನ ಫ್ಯೂಸೋ ನೆಲದಡಿಯ ಕೇಬಲ್ಲೋ ಹೋಗಿರುತ್ತದೆ. ಕೇಬಲ್ ಆದರೆ ರಸ್ತೆ ಅಗೆಯಬೇಕು, ಅಗೆಯಲು ಪಾಲಿಕೆಯ ಅನುಮತಿ ಬೇಕು. ರಸ್ತೆಗಳನ್ನೆಲ್ಲ ಕಾಂಕ್ರೀಟ್ ಮಾಡುವ ಈ ಕಾಲದಲ್ಲಿ ಜೆಸಿಬಿ ಕೇಬಲ್ ಕಡಿಯುವುದು ಸುಲಭ, ಗಟ್ಟಿಯಾದ ಕಾಂಕ್ರೀಟ್ ಒಡೆದು ಅದನ್ನು ಹುಡುಕುವುದು ಕಷ್ಟ. ಹೀಗಿದ್ದರೂ ದೀಪ ಕೆಟ್ಟಿತು, ಸರಿಮಾಡಿ ಎಂಬಷ್ಟರ ಮಟ್ಟಿಗೆ ಈ ವ್ಯವಸ್ಥೆಗೆ ಪಾಸು ಅಂಕ ಧಾರಾಳವಾಗಿ ಕೊಡಬಹುದು.

ತಕರಾರು ಇರುವುದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಕಂಬ ಯಾರದು? ಮನೆಯ ಬಿಲ್ಲು ಟಾಟಾ ಪವರ್‌ನದಾಗಿದ್ದರೂ ಬಾಗಿಲೆದುರಿನ ಕಂಬ ಅದಾನಿಯದಿರಬಹುದು. ಹಳಬರ ಬಾಯಲ್ಲಿ ಆ ಕಂಪನಿ ಇಂದಿಗೂ ಹಳೆಯ ಹೆಸರಿನ ಬಿಎಸ್‌ಇಎಸ್. ನಡುವೆ ರಿಲಯನ್ಸ್ ಬಂದು ಹೋದದ್ದು, 2018ರಲ್ಲಿ ಅದಾನಿ ಬಂದದ್ದು ಅವರ ಲೆಕ್ಕಕ್ಕಿಲ್ಲ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ 2022ರ ಕೊನೆಯವರೆಗೆ ಪ್ರದೇಶಾಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ ಕೈಯಲ್ಲಿತ್ತು, ಆಮೇಲೆ ಪಾಲಿಕೆಗೆ ಬಂತು. ಪಿರೋಜ್‌ಶಾನಗರ ಗೋದ್ರೆಜ್‌ನವರ ಖಾಸಗಿ ಬಡಾವಣೆ. ಕನ್ನಂವಾರ್ ನಗರ, ಟಾಗೋರ್ ನಗರ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ಬಡಾವಣೆಗಳು. ಅಲ್ಲಿ ಯಾವ ಒಳರಸ್ತೆ ಪಾಲಿಕೆಯದು, ಯಾವುದು ಮ್ಹಾಡಾದ ಲೆಕ್ಕದಲ್ಲೇ ಉಳಿದಿದೆ ಎಂಬುದು ನಡೆದು ಹೋಗುವವರ ಕಣ್ಣಿಗೆ ಕಾಣುವಂಥದ್ದಲ್ಲ. ಸಾಲದ್ದಕ್ಕೆ ವಿಕ್ರೋಳಿಯೇ ಪಾಲಿಕೆಯ ಎನ್ ಮತ್ತು ಎಸ್ ಎಂಬ ಎರಡು ವಾರ್ಡುಗಳಿಗೆ ಹರಿದು ಹಂಚಿಹೋಗಿದೆ. ಕತ್ತಲಲ್ಲಿ ನಿಂತವನಿಗೆ ಇಷ್ಟು ಭೂಗೋಳ ಗೊತ್ತಿರಬೇಕೆಂದು ಬಯಸುವುದು ಅನ್ಯಾಯ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಈ ವ್ಯವಸ್ಥೆ ಲೆಕ್ಕ ಹಿಡಿಯುವುದು ದೀಪಗಳನ್ನು, ಬೆಳಕನ್ನಲ್ಲ. ದೀಪ ಉರಿಯುತ್ತಿದೆ, ಆದರೆ ಅದರ ಸುತ್ತ ಮಳೆಮರದ ಕೊಂಬೆಗಳು ಹಬ್ಬಿವೆ. ಬೆಳಕೆಲ್ಲ ಎಲೆಗಳಿಗೆ, ಫುಟ್‌ಪಾತ್ ಕಪ್ಪು. ಕಂಪನಿಯ ಕಡತದಲ್ಲಿ ಅದು ಸರಿಯಾಗಿರುವ ದೀಪ. ಕೊಂಬೆ ಕಡಿಯುವುದು ಪಾಲಿಕೆಯ ಉದ್ಯಾನ ವಿಭಾಗದ ಕೆಲಸ, ಅದಕ್ಕೆ ಬೇರೆ ದೂರು, ಬೇರೆ ನಂಬರ್. ಎರಡು ದೂರುಗಳೂ ಒಂದೇ ಕತ್ತಲೆಯ ಬಗ್ಗೆ ಎಂದು ಹೇಳಲು ಯಾವ ಫಾರಮಿನಲ್ಲೂ ಜಾಗವಿಲ್ಲ. 2015ರಲ್ಲಿ ಮರೀನ್ ಡ್ರೈವ್‌ನ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಶಿವಸೇನೆ, ಬಿಜೆಪಿ ಬಹಿರಂಗವಾಗಿಯೇ ಜಗಳಾಡಿದವು. ‘ರಾಣಿಯ ಹಾರ’ ಎಂದು ಹೆಸರಾದ ಆ ದೀಪಸಾಲಿನ ಬಣ್ಣಕ್ಕೆ ಅಷ್ಟು ಗದ್ದಲ. ಉಪನಗರದ ಒಳಬೀದಿಯಲ್ಲಿ ಬೆಳಕು ನೆಲ ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಅಂಥ ಜಗಳಗಂಟರು ಸಿಗುವುದಿಲ್ಲ.

ವಿಕ್ರೋಳಿಯ ಪಶ್ಚಿಮಕ್ಕೆ ಹೋದರೆ ಪಾರ್ಕ್‌ಸೈಟ್, ಸೂರ್ಯನಗರ. ಮನೆಗಳು ಗುಡ್ಡ ಹತ್ತುತ್ತವೆ, ದಾರಿ ಎಂದರೆ ಮೆಟ್ಟಿಲು. ಏಣಿಯ ಗಾಡಿ ಅಲ್ಲಿಗೆ ಏರದು. ಇಕ್ಕಟ್ಟಿನ ಗಲ್ಲಿಯಲ್ಲಿ ಕಂಬಕ್ಕೇ ಜಾಗವಿಲ್ಲದಿದ್ದರೆ ಅದರ ನಂಬರ್ ಎಲ್ಲಿಂದ ಬರಬೇಕು? ನಂಬರ್ ಇಲ್ಲವೆಂದರೆ ದೂರಿಗೆ ಕಾಲೂರಲು ನೆಲವಿಲ್ಲ. ಎಲ್ಲಕ್ಕಿಂತ ಹೆಚ್ಚು ಕತ್ತಲಿರುವ ಜಾಗವೇ ದೂರಿನ ಅಂಕಿಅಂಶಗಳಲ್ಲಿ ಎಲ್ಲಕ್ಕಿಂತ ನೆಮ್ಮದಿಯ ಜಾಗವಾಗಿ ಕಾಣುವುದು ಹೀಗೆ. 2021ರ ಜುಲೈ 18ರ ನಸುಕಿನ ಮಳೆಯಲ್ಲಿ ಸೂರ್ಯನಗರದ ಮನೆಗಳ ಮೇಲೆ ಗುಡ್ಡ ಕುಸಿದು ಜನ ಸತ್ತರು. ಮಳೆಗಾಲ ಬಂತೆಂದರೆ ಇಂಥ ಗುಡ್ಡಗಳ ಜನಕ್ಕೆ ಜಾಗ ಖಾಲಿಮಾಡಿ ಎಂಬ ಎಚ್ಚರಿಕೆ ಹೋಗುತ್ತದೆ. ನಡುರಾತ್ರಿ ಮಕ್ಕಳನ್ನೆತ್ತಿಕೊಂಡು ಜಾರುವ ಮೆಟ್ಟಿಲು ಇಳಿಯಬೇಕಾದವರಿಗೆ ದೀಪ ಅಲಂಕಾರವಲ್ಲ.

ಇಂಥ ಕಡೆ ಮೊದಲೆಲ್ಲ ಕೆಲಸಕ್ಕೆ ಬರುತ್ತಿದ್ದದ್ದು ಆ್ಯಪ್ ಅಲ್ಲ, ನಗರಸೇವಕ, ಅಂದರೆ ವಾರ್ಡಿನಿಂದ ಗೆದ್ದ ಪಾಲಿಕೆ ಸದಸ್ಯ. ಅವನಿಗೆ ಕಂಬದ ನಂಬರ್ ಬೇಕಿರಲಿಲ್ಲ. ಇಂಥವರ ಮನೆ ಹಿಂದೆ ಎಂದರೆ ಸಾಕಿತ್ತು. ಓಟಿನ ಆಸೆಗೋ ಮುಲಾಜಿಗೋ, ತನ್ನ ನಿಧಿಯಿಂದ ಗಲ್ಲಿಗೊಂದು ದೀಪ ಹಾಕಿಸಿ ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳುತ್ತಿದ್ದ. ಹೆಸರಿನ ಅಕ್ಷರ ದೀಪಕ್ಕಿಂತ ದೊಡ್ಡದಿರುತ್ತಿತ್ತು ಎಂಬುದು ಬೇರೆ ಮಾತು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ 2026ರ ಜನವರಿಯ ಚುನಾವಣೆಯವರೆಗೆ ಆ ನಗರಸೇವಕನೂ ಇರಲಿಲ್ಲ. ಅವಧಿ ಮುಗಿಯುವ ಕೆಲವೇ ವಾರ ಮೊದಲು ಪಾಲಿಕೆಯ ವಾಟ್ಸ್‌ಆ್ಯಪ್ ಚಾಟ್‌ಬಾಟ್ ಬಂದಿತ್ತು, ದೂರು ಕೊಡುವುದು ಸಲೀಸಾಯಿತು ನಿಜ. ಆದರೆ ಅದು ಸಲೀಸಾದದ್ದು ಆಗಲೇ ಕಂಬವಿದ್ದವರಿಗೆ.

ಹೊಸದಾಗಿ ಗೆದ್ದು ಬಂದವರಿಂದ ಭಾರೀ ಯೋಜನೆಯನ್ನೇನೂ ಕೇಳಬೇಕಾಗಿಲ್ಲ. ದೂರಿನ ಫಾರಮಿನಲ್ಲಿ ಕಂಬದ ನಂಬರ್ ಕೇಳುವ ಖಾನೆಯ ಪಕ್ಕ ‘ಇಲ್ಲಿ ಕಂಬವೇ ಇಲ್ಲ’ ಎಂಬ ಇನ್ನೊಂದು ಖಾನೆ ಬೇಕು. ಅಲ್ಲಿ ಬಿದ್ದ ದೂರು ಕಂಪನಿಗಲ್ಲ, ನೇರ ವಾರ್ಡ್ ಕಚೇರಿಗೆ ಹೋಗಬೇಕು. ಮೆಟ್ಟಿಲ ದಾರಿಗೆ ಕಂಬದ ಬದಲು ಗೋಡೆಗೇ ದೀಪ ಕೂರಿಸಿ ಅದಕ್ಕೂ ನಂಬರ್ ಕೊಡಬಹುದು. ದೂರು ಮುಗಿಯಿತೆಂದು ಬರೆಯುವ ಅಧಿಕಾರ ಈಗ ರಿಪೇರಿ ಮಾಡಿದವರ ಬಳಿಯೇ ಇದೆ. ಅದು ದೂರು ಕೊಟ್ಟವರ ಕೈಗೆ ಬರಬೇಕು, ಅದೂ ಕತ್ತಲಾದ ಮೇಲೆ.